ಚೆನ್ನೆಮಣೆ: ಇತಿಹಾಸ

ಚೆನ್ನೆಮಣೆ ತುಳುನಾಡಿನ ಮಣೆಯಾಟ. ಘಟ್ಟದ ಮೇಲೆ ಇದೇ ಜಾತಿಯ ಆಟಕ್ಕೆ ಅಳಗುಳಿಮಣೆ ಎಂಬ ಹೆಸರಿದೆ. ಮರದ ಮಣೆಯಲ್ಲಿ ಏಳೇಳರ ಎರಡು ಸಾಲು, ಒಟ್ಟು 14 ಗುಳಿ. ಸಾಮಾನ್ಯವಾಗಿ ಗುಳಿಗೆ ನಾಲ್ಕು ಮಂಜೊಟ್ಟಿ ಕಾಯಿ. ಶಿರ್ತಾಡಿ, ಮೂಡುಬಿದಿರೆ, ಬೆಳ್ತಂಗಡಿ ಸೀಮೆಯಲ್ಲಿ ಇದು ಆಟಿ ತಿಂಗಳ ಮಳೆಗಾಲದ ಚಾವಡಿಯಾಟ. ಆಫ್ರಿಕದಿಂದ ಆಗ್ನೇಯ ಏಷ್ಯದವರೆಗೆ ಇದರ ಬಂಧುಗಳಿವೆ.

ಆಟದ ಹಳಮೆಗೆ ಬಂಡೆಯ ಮೇಲಿನ, ದೇವಸ್ಥಾನದ ಚಪ್ಪಡಿಯ ಮೇಲಿನ ಗುಳಿಗಳನ್ನು ಸಾಕ್ಷಿಯಾಗಿ ತೋರಿಸುವುದುಂಟು. ಆ ಸಾಕ್ಷಿ ದುರ್ಬಲ. ಚಪ್ಪಡಿ ಹಾಸಿದ ಕಾಲ ಶಾಸನದಿಂದ ತಿಳಿದರೂ ಗುಳಿ ಕೊರೆದ ಕಾಲ ತಿಳಿಯದು. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ಅಂಥ ಕಟ್ಟಡದ ಜಗಲಿಯಲ್ಲಿ ಗುಳಿ ಕಂಡರೂ ಅದನ್ನು ಮೊನ್ನೆಯ ಹುಡುಗರೂ ಕೊರೆದಿರಬಹುದು. ಇದಕ್ಕಿಂತ ಗಟ್ಟಿಯಾದ ಆಧಾರ ತುಳುವಿನ ಮೌಖಿಕ ಕಾವ್ಯವಾದ ಸಿರಿ ಪಾಡ್ದನದಲ್ಲಿದೆ. ಅದರಲ್ಲಿ ಸಿರಿಯ ಮಗಳು ಸೊನ್ನೆಯ ಅವಳಿ ಹೆಣ್ಣುಮಕ್ಕಳಾದ ಅಬ್ಬಗ ದಾರಗರು ಚೆನ್ನೆಯಾಡುತ್ತ ಜಗಳಕ್ಕೆ ಬೀಳುತ್ತಾರೆ. ಅಕ್ಕ ಮಣೆಯಿಂದಲೇ ತಂಗಿಯನ್ನು ಹೊಡೆದು ಕೊಂದು ತಾನೂ ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆಯಾಡಬಾರದೆಂಬ ನಿಷೇಧ ಈ ಕಥೆಗೆ ಅಂಟಿಕೊಂಡಿದೆ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಈ ಪಾಡ್ದನದ ಪಾಠವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರ ಜತೆಗೂಡಿ 1990ರಲ್ಲಿ ಧ್ವನಿಮುದ್ರಿಸಿದರು. 15,683 ಸಾಲುಗಳ ಆ ಪಾಠ 1998ರಲ್ಲಿ ಅಚ್ಚಾಯಿತು.

ಬಾಯಿಂದ ಬಾಯಿಗೆ ಬಂದ ಹಾಡು ಹಾಡುವವರೊಂದಿಗೆ ಬದಲಾಗುತ್ತದೆ, 1990ರ ಪಾಠ 1990ಕ್ಕಷ್ಟೇ ಸಾಕ್ಷಿ ಎಂಬ ಆಕ್ಷೇಪ ಸರಿಯಾದದ್ದೇ. ಊರಿನ ಹೆಸರು, ವರ್ಣನೆ, ಉದ್ದ ಎಲ್ಲ ಬದಲಾಗಬಲ್ಲವು. ಆದರೆ ಇಲ್ಲಿ ಮಣೆ ಅಲಂಕಾರಕ್ಕೆ ಬಂದದ್ದಲ್ಲ. ಜಗಳದ ಕಾರಣವೂ ಕೊಲೆಯ ಆಯುಧವೂ ಅದೇ. ಅದನ್ನು ತೆಗೆದರೆ ಅವಳಿಗಳ ಸಾವಿನ ಕಥೆಯೇ ಕುಸಿಯುತ್ತದೆ. ಕವತ್ತಾರು, ನಂದಳಿಕೆ, ಹಿರಿಯಡಕಗಳ ಸಿರಿಜಾತ್ರೆ ನೆನೆಯುವುದೂ ಇದೇ ಸಿರಿಕುಲವನ್ನು. ಬೇರೊಂದು ಜಗಳದ ಜಾಗಕ್ಕೆ ಚೆನ್ನೆ ಮುಂದೆಂದೋ ಬಂದು ಸೇರಿರಬಹುದು ಎನ್ನುವವರು ಆಟಕ್ಕೆ ಸುತ್ತಿಕೊಂಡ ನಿಷೇಧಕ್ಕೂ ಕಾರಣ ಹೇಳಬೇಕಾಗುತ್ತದೆ. ಈ ಕಥೆಯಿಂದ ಆಟದ ಇಸವಿ ಸಿಗುವುದಿಲ್ಲ. ಚೆನ್ನೆ ಇಲ್ಲಿ ಬರೀ ಹೊತ್ತುಗಳೆಯುವ ಆಟವಾಗಿರಲಿಲ್ಲ ಎಂಬುದು ಮಾತ್ರ ಸಿಗುತ್ತದೆ.

ಈಚಿನ ದಶಕಗಳಲ್ಲಿ ಆಟ ಚಾವಡಿ ಬಿಟ್ಟು ಆಟಿ ತಿಂಗಳಲ್ಲಿ ನಡೆಯುವ ‘ಆಟಿಡೊಂಜಿ ದಿನ’ ಕಾರ್ಯಕ್ರಮಗಳ ವೇದಿಕೆಗಳಿಗೆ ಬಂದಿದೆ. ಸ್ಪರ್ಧೆಗೆ ಎಲ್ಲರೂ ಒಪ್ಪುವ ಒಂದೇ ನಿಯಮ ಬೇಕು, ಮನೆಯಾಟಕ್ಕೆ ಬೇಕಿರಲಿಲ್ಲ. ಹಿರಿಯ ಹೆಂಗಸರ ನೆನಪಿನಲ್ಲಿರುವ ಆಟದ ಬಗೆಗಳನ್ನು ಬರೆದಿಡುವುದು ಈಗ ಬಂಡೆಗುಳಿಗಳ ವಯಸ್ಸಿನ ಚರ್ಚೆಗಿಂತ ತುರ್ತಿನ ಕೆಲಸ.