ತಿಥಿ ಅಡುಗೆಗೆ ಸೇರದ ಪೆರು

ಮೈಸೂರಿನ ಅಗ್ರಹಾರದ ಸಂಪ್ರದಾಯಸ್ಥ ಮನೆಗಳಲ್ಲಿ ತಿಥಿ ಅಡುಗೆಗೆ ಇಂದಿಗೂ ಆಲೂಗಡ್ಡೆ, ಟೊಮೆಟೊ, ಮೆಣಸಿನಕಾಯಿ ಸೇರುವುದಿಲ್ಲ. ಬಾಳೆಕಾಯಿ, ಹಾಗಲಕಾಯಿ, ಕೆಸವಿನ ಗಡ್ಡೆ ನಡೆಯುತ್ತವೆ, ಖಾರಕ್ಕೆ ಕಾಳುಮೆಣಸು. ಪೋರ್ಚುಗೀಸರು ಬರುವ ಮುಂಚಿನ ಅಡುಗೆ ಈ ಎಲೆಯ ಮೇಲೆ ಉಳಿದುಕೊಂಡಿದೆ. ಊರಿನ ಹೆಸರನ್ನೇ ಹೊತ್ತ ಮೈಸೂರು ಮಸಾಲೆ ದೋಸೆ ಇದಕ್ಕೆ ತದ್ವಿರುದ್ಧ. ಒಳಗೆ ಸವರುವ ಕೆಂಪು ಚಟ್ನಿಯ ಮೆಣಸಿನಕಾಯಿಯನ್ನು ಪಳಗಿಸಿದವರು ಮೆಕ್ಸಿಕೊದ ರೈತರು. ಪಲ್ಯದ ಆಲೂಗಡ್ಡೆಯ ತವರು ಪೆರು.

ಆಂಡಿಸ್ ಪರ್ವತದಲ್ಲಿ, ಟಿಟಿಕಾಕಾ ಸರೋವರದ ಆಸುಪಾಸಿನಲ್ಲಿ, ಸುಮಾರು 7,000 ವರ್ಷಗಳ ಹಿಂದೆಯೇ ಇದರ ಬೇಸಾಯವಿತ್ತು. ಅಲ್ಲಿನವರು ಗಡ್ಡೆಗಳನ್ನು ರಾತ್ರಿಯ ಹಿಮಕ್ಕೆ ಹರವುತ್ತಾರೆ. ಹಗಲು ಬರಿಗಾಲಲ್ಲಿ ತುಳಿದು ನೀರು ತೆಗೆದು, ಬಿಸಿಲಿಗೆ ಒಣಗಿಸುತ್ತಾರೆ. ಚುನ್ಯೊ ಎಂಬ ಈ ಒಣಗಡ್ಡೆ ವರ್ಷಗಟ್ಟಲೆ ಕೆಡುವುದಿಲ್ಲ. ಇಂಕಾ ಅರಸರ ಉಗ್ರಾಣಗಳು ತುಂಬಿದ್ದದ್ದು ಇಂಥ ಧಾನ್ಯ, ಗಡ್ಡೆಗಳಿಂದ. ಲಿಪಿಯಿಲ್ಲದ ಆ ರಾಜ್ಯ ದಾರಗಳಿಗೆ ಗಂಟು ಹಾಕಿ ಲೆಕ್ಕ ಇಡುತ್ತಿತ್ತು. ಕುಸ್ಕೊ ಅದರ ರಾಜಧಾನಿ.

1532ರಲ್ಲಿ, ಇಲ್ಲಿ ವಿಜಯನಗರವನ್ನು ಅಚ್ಯುತರಾಯ ಆಳುತ್ತಿದ್ದಾಗ, ಪಿಜಾರೊ ಎಂಬ ಸ್ಪೇನಿನ ದಂಡನಾಯಕ ಕಹಾಮಾರ್ಕಾದಲ್ಲಿ ಇಂಕಾ ದೊರೆ ಅತಹುವಾಲ್ಪನನ್ನು ಸೆರೆಹಿಡಿದ. ಬಿಡುಗಡೆಗಾಗಿ ಒಂದು ಕೋಣೆ ತುಂಬ ಚಿನ್ನ ತರಿಸಿಕೊಂಡು, ಮರುವರ್ಷ ಅವನನ್ನು ಕೊಂದೇಬಿಟ್ಟ. ಇದಕ್ಕಿಂತ ನೀಚ ವಿಶ್ವಾಸಘಾತ ಚರಿತ್ರೆಯಲ್ಲಿ ವಿರಳ. ಕಲಾವಂತಿಕೆಯ ಆ ಚಿನ್ನವನ್ನೆಲ್ಲ ಕರಗಿಸಿ ಗಟ್ಟಿ ಮಾಡಿದರು. ಯಾರೂ ಬೆಲೆ ಕಟ್ಟದ ಗಡ್ಡೆ ಮಾತ್ರ ಯುರೋಪ್ ದಾಟಿ ನಮ್ಮ ಹಾಸನದ ಹೊಲಗಳವರೆಗೂ ಬಂತು.

ಗಡ್ಡೆಯ ಕಥೆಗಿಂತ ಅದೇ ಪೆರುವಿನ ಹಬ್ಬವೊಂದರ ಕಥೆ ಮೈಸೂರಿನವರ ಮನಸ್ಸಿಗೆ ಇನ್ನೂ ಹತ್ತಿರ. ವಿಜಯನಗರ ಅಳಿದರೂ ಅದರ ನವರಾತ್ರಿಯ ವೈಭವವನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು; ಅದೇ ಇಂದಿನ ದಸರಾ. ಕುಸ್ಕೊಗೆ ಅಂಥ ವಾರಸುದಾರರು ಸಿಗಲಿಲ್ಲ. ಇಂತಿ ರೈಮಿ ಎಂಬ ಸೂರ್ಯನ ಹಬ್ಬವನ್ನು ಸ್ಪೇನಿನವರು ನಿಷೇಧಿಸಿದರು. ಪೆರು 1821ರಲ್ಲಿ ಸ್ವಾತಂತ್ರ್ಯ ಸಾರಿದ ಮೇಲೂ ಅದು ಮರಳಲಿಲ್ಲ. ಇಂಕಾ ರಾಜಕುವರಿಯ ಮಗ ಗಾರ್ಸಿಲಾಸೊ ಬರೆದಿಟ್ಟಿದ್ದ ವರ್ಣನೆಯನ್ನು ಆಧರಿಸಿ 1944ರಲ್ಲಿ ಅದಕ್ಕೆ ಮರುಜೀವ ಕೊಟ್ಟರು. ಈಗ ಪ್ರತಿ ಜೂನ್ 24ರಂದು ಕುಸ್ಕೊದಲ್ಲಿ ಹಬ್ಬ ನಡೆಯುತ್ತದೆ, ಇಂಕಾ ವೇಷಧಾರಿ ಮಾತಾಡುವುದು ಕ್ವೆಚುವಾ ಭಾಷೆಯಲ್ಲಿ. ಪೆರು ಆ ಭಾಷೆಗೆ ಅಧಿಕೃತ ಸ್ಥಾನ ಕೊಟ್ಟಿದ್ದು 1975ರಲ್ಲಿ.