ಮೈಕಿನಲ್ಲಿ ಘರ್ಜನೆ, ಫೋನಿನಲ್ಲಿ ಚೌಕಾಸಿ

1962ರ ಸೆಪ್ಟೆಂಬರ್ 29, ಶನಿವಾರ ರಾತ್ರಿ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ರಾಜಧಾನಿ ಜಾಕ್ಸನ್‌ನಲ್ಲಿ ಫುಟ್‌ಬಾಲ್ ಪಂದ್ಯ. ಮಧ್ಯಂತರದಲ್ಲಿ ಗವರ್ನರ್ ರಾಸ್ ಬಾರ್ನೆಟ್ ಮೈಕ್ ಹಿಡಿದ. ನನಗೆ ಈ ರಾಜ್ಯ ಇಷ್ಟ, ಇಲ್ಲಿನ ಜನ ಇಷ್ಟ, ನಮ್ಮ ಸಂಪ್ರದಾಯ ಇಷ್ಟ ಅಂದ. ಅಷ್ಟೇ! ಇಡೀ ಸ್ಟೇಡಿಯಂ ಹುಚ್ಚೆದ್ದು ಕೂಗಿತು.

ಅಲ್ಲಿ ಗವರ್ನರ್ ಅಂದ್ರೆ ನಮ್ಮ ರಾಜ್ಯಪಾಲರ ಥರ ಅಲ್ಲ. ಜನರೇ ಆರಿಸಿದ ನಾಯಕ, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ.

ಸರಿ, ಯಾವ ಸಂಪ್ರದಾಯ? ಆಕ್ಸ್‌ಫರ್ಡ್ ಎಂಬ ಊರಿನಲ್ಲಿರುವ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಕಪ್ಪು ವರ್ಣೀಯರನ್ನು ಸೇರಿಸಿಕೊಳ್ಳದ ಸಂಪ್ರದಾಯ! ಜೇಮ್ಸ್ ಮೆರಿಡಿತ್ ಒಂಬತ್ತು ವರ್ಷ ವಾಯುಪಡೆಯಲ್ಲಿ ದುಡಿದು ಬಂದಿದ್ದ. ಸೀಟು ಕೊಡಿ ಅಂತ ಕೋರ್ಟೇ ಹೇಳಿತ್ತು. ಬಾರ್ನೆಟ್ ಮಾತ್ರ ಖುದ್ದು ಅಡ್ಡ ನಿಂತು ಅವನನ್ನು ವಾಪಸ್ ಕಳಿಸಿದ್ದ.

ಆದರೆ ಅಸಲಿ ಕಥೆ ಇರೋದು ಇಲ್ಲಿ. ಇದೇ ಬಾರ್ನೆಟ್ ತೆರೆಮರೆಯಲ್ಲಿ ಅಧ್ಯಕ್ಷ ಕೆನಡಿ ಮತ್ತು ಅವರ ತಮ್ಮ, ಅಟಾರ್ನಿ ಜನರಲ್ ರಾಬರ್ಟ್ ಕೆನಡಿ ಜೊತೆ ಫೋನಿನಲ್ಲಿ ಚೌಕಾಸಿಗೆ ಕೂತಿದ್ದ. ಕೇಂದ್ರದ ಮಾರ್ಷಲ್‌ಗಳೆಲ್ಲ ಬಂದೂಕು ತೆಗೆಯಲಿ, ಆಗ ನಾನು ಪಕ್ಕಕ್ಕೆ ಸರೀತೀನಿ ಅಂದ. ಒಬ್ಬ ತೆಗೆದರೆ ಸಾಲದಾ ಅಂದ್ರೆ, ಸಾಲಲ್ಲ, ಎಲ್ಲರೂ ತೆಗೀಬೇಕು ಅಂದ. ಯಾಕೆ? ಬಲಕ್ಕೆ ಮಣಿದೆ ಅಂತ ಮತದಾರರಿಗೆ ತೋರಿಸಬೇಕಲ್ಲ! ಕೊನೆಗೆ, ನಿಮ್ಮ ಒಳಒಪ್ಪಂದವನ್ನು ಅಧ್ಯಕ್ಷರು ಟಿವಿಯಲ್ಲೇ ಹೇಳಿಬಿಡ್ತಾರೆ ಅಂತ ರಾಬರ್ಟ್ ಕೆನಡಿ ಬೆದರಿಸಿದ ಮೇಲೆ ಈ ಮಹಾಶಯ ದಾರಿಗೆ ಬಂದ.

ಭಾನುವಾರ ಸಂಜೆ ಮೆರಿಡಿತ್‌ನನ್ನು ಕ್ಯಾಂಪಸ್‌ಗೆ ಕರೆತಂದರು. ಶಾಂತಿ ಕಾಪಾಡಿ ಅಂತ ಕೆನಡಿ ಟಿವಿಯಲ್ಲಿ ಮಾತಾಡುತ್ತಿದ್ದಾಗ ಅಲ್ಲಿ ಆಗಲೇ ಅಶ್ರುವಾಯು ಸಿಡಿಯುತ್ತಿತ್ತು. ರಾಜ್ಯದ ಪೊಲೀಸರು ಜಾಗ ಖಾಲಿ ಮಾಡಿದರು. ಕೆನಡಿಯದೂ ತಪ್ಪಿದೆ ನೋಡಿ. ಬಾರ್ನೆಟ್ ಮಾತು ನಂಬಿ ಕೂತರು, ಸೈನ್ಯ ತಲುಪುವಷ್ಟರಲ್ಲಿ ಗಂಟೆಗಳೇ ಉರುಳಿದ್ದವು. ವರದಿಗೆ ಬಂದಿದ್ದ ಫ್ರೆಂಚ್ ಪತ್ರಕರ್ತ ಪಾಲ್ ಗಿಯಾರ್ ಗುಂಡೇಟಿಗೆ ಬಲಿಯಾದ. ಏನಾಗ್ತಿದೆ ಅಂತ ನೋಡಲು ಬಂದ ಸ್ಥಳೀಯನೊಬ್ಬನೂ ಸತ್ತ. 160ಕ್ಕೂ ಹೆಚ್ಚು ಮಾರ್ಷಲ್‌ಗಳಿಗೆ ಗಾಯ.

ಮರುದಿನ ಬೆಳಗ್ಗೆ ಮೆರಿಡಿತ್ ಹೆಸರು ನೋಂದಾಯಿಸಿದ. 1963ರ ಆಗಸ್ಟ್‌ನಲ್ಲಿ ಪದವಿಯನ್ನೂ ಪಡೆದ. ಬಾರ್ನೆಟ್ ಮೇಲಿನ ನ್ಯಾಯಾಂಗ ನಿಂದನೆ ಕೇಸು 1965ರಲ್ಲಿ ಬಿದ್ದುಹೋಯಿತು. ಅವನಿಗೆ ಒಂದು ದಿನದ ಜೈಲೂ ಆಗಲಿಲ್ಲ.

ಆ ಫೋನ್ ಮಾತುಕತೆಗಳು ರೆಕಾರ್ಡ್ ಆಗಿವೆ, ಇವತ್ತಿಗೂ ಕೇಳಬಹುದು. ಸೋಲು ಖಚಿತ ಅಂತ ಬಾರ್ನೆಟ್‌ಗೆ ಗೊತ್ತಿತ್ತು ಸ್ವಾಮಿ. ಗೊತ್ತಿಲ್ಲದೆ ಕಲ್ಲು ಹಿಡಿದವರು ಸ್ಟೇಡಿಯಂನಲ್ಲಿ ಚಪ್ಪಾಳೆ ತಟ್ಟಿದಂಥ ಜನ.