ಒಂದು ಕ್ಲಿಕ್ಕಿಗೆ ಬೆಲೆ ಕಟ್ಟಿದವರು

ಜಾಲತಾಣ ಕಟ್ಟಿ ಜಾಹೀರಾತಿನಿಂದ ಸಂಪಾದಿಸಹೊರಟವರಿಗೆ ಇಪ್ಪತ್ತು ವರ್ಷಗಳಿಂದ ಸಿಗುತ್ತಿರುವ ಉಪದೇಶ ಒಂದೇ: ಲಾಭದ ವಿಷಯ ಹುಡುಕಿಕೊಳ್ಳಿ. ಜಾಣನ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಈ ವ್ಯವಹಾರದ ಚರಿತ್ರೆ ಹೇಳುವುದು ಬೇರೆ. ಯಾವ ವಿಷಯಕ್ಕೆ ಹಣ ಹರಿಯಬೇಕೆಂಬುದು, ಬರೆಯುವವನು ಬರೆಯಲು ಕೂರುವುದಕ್ಕೆ ಬಹಳ ಮೊದಲೇ, ಕೋರ್ಟುಗಳಲ್ಲಿ ಮತ್ತು ವಿಮಾ ಕಂಪನಿಗಳ ಲೆಕ್ಕದಲ್ಲಿ ತೀರ್ಮಾನವಾಗಿತ್ತು.

1994ರ ಅಕ್ಟೋಬರಿನಲ್ಲಿ ಹಾಟ್‌ವೈರ್ಡ್ ತಾಣ ಮೊದಲ ಬ್ಯಾನರುಗಳನ್ನು ಹಾಕಿದಾಗ ಮಾರಿದ್ದು ಪತ್ರಿಕೆಗಳಂತೆ ಬರೀ ಜಾಗವನ್ನು. 1998ರಲ್ಲಿ ಬಿಲ್ ಗ್ರಾಸ್ ಅವರ ಗೋಟು ಡಾಟ್ ಕಾಮ್ ಹುಡುಕುವ ಪದಗಳನ್ನೇ ಹರಾಜಿಗಿಟ್ಟಿತು. ಒಬ್ಬೊಬ್ಬ ಜಾಹೀರಾತುದಾರ ಒಂದು ಕ್ಲಿಕ್ಕಿಗೆ ಎಷ್ಟು ಸೆಂಟ್ ಕೊಡುತ್ತಾನೆಂಬುದು ಅಲ್ಲಿ ಫಲಿತಾಂಶದ ಪಕ್ಕದಲ್ಲೇ ಕಾಣುತ್ತಿತ್ತು. 2002ರಲ್ಲಿ ಗೂಗಲ್ ಕೂಡ ಕ್ಲಿಕ್ಕಿನ ಹರಾಜಿಗೆ ಇಳಿಯಿತು. 2003ರಲ್ಲಿ ಬಂದ ಗೂಗಲ್‌ನದೇ ಆಡ್‌ಸೆನ್ಸ್ ಆ ಹರಾಜಿನ ಪಾಲನ್ನು ಸಣ್ಣಪುಟ್ಟ ತಾಣಗಳಿಗೂ ತಲುಪಿಸಿತು.

ಆಗ ತಾಣದವರೆಲ್ಲ ಮುಗಿಬಿದ್ದ ಪದಗಳಲ್ಲಿ ಮೆಸೊಥೆಲಿಯೋಮಾ ಒಂದು. ಕಲ್ನಾರಿನ ಧೂಳಿನಿಂದ ಬರುವ, ದಶಕಗಳ ಕಾಲ ಅಡಗಿದ್ದು ಆಮೇಲೆ ತಲೆಯೆತ್ತುವ ಕ್ಯಾನ್ಸರ್ ಇದು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 3,000 ಜನರಿಗೆ ಬರುತ್ತದೆ. ಇಷ್ಟು ಕಡಿಮೆ ಓದುಗರಿರುವ ವಿಷಯದ ಒಂದು ಕ್ಲಿಕ್ಕಿಗೆ ಹತ್ತಾರು ಡಾಲರ್ ದರ ಬಂದದ್ದು ಹೇಗೆ? 1977ರ ಬೇಟ್ಸ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ವಕೀಲರಿಗೆ ಜಾಹೀರಾತು ಕೊಡುವ ಹಕ್ಕನ್ನು ಒಪ್ಪಿತು. ಗೆದ್ದ ಪರಿಹಾರದಲ್ಲಿ ಮೂರನೇ ಒಂದರಷ್ಟು ಪಾಲು ವಕೀಲರಿಗೆ ಹೋಗುವುದು ಅಲ್ಲಿ ರೂಢಿ. ರ‍್ಯಾಂಡ್ ಸಂಸ್ಥೆಯ ಅಧ್ಯಯನದ ಪ್ರಕಾರ 2002ರ ಹೊತ್ತಿಗೆ ಕಲ್ನಾರಿನ ದಾವೆಗಳಿಗೆ ಖರ್ಚಾಗಿದ್ದ ಹಣ ಸುಮಾರು 7,000 ಕೋಟಿ ಡಾಲರ್. ಒಬ್ಬ ರೋಗಿ ಕಕ್ಷಿದಾರನಾಗಿ ಸಿಕ್ಕರೆ ಸಾವಿರ ಕ್ಲಿಕ್ಕುಗಳ ಖರ್ಚು ಹುಟ್ಟುತ್ತಿತ್ತು. ನಮ್ಮಲ್ಲೂ ಕಲ್ನಾರು ಶೀಟಿನ ಮಾಡುಗಳಿಗೆ ಬರವಿಲ್ಲ. ಆದರೆ ಬಾರ್ ಕೌನ್ಸಿಲ್ ನಿಯಮ ವಕೀಲರ ಜಾಹೀರಾತನ್ನು ತಡೆಯುತ್ತದೆ. ಆ ಬಗೆಯ ಪರಿಹಾರದ ದಾವೆಗಳೂ ಇಲ್ಲಿ ಬೆಳೆದಿಲ್ಲ. ಆದ್ದರಿಂದ ಅದೇ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಎಷ್ಟೇ ಚೆನ್ನಾಗಿ ಬರೆದರೂ ಹರಾಜು ಕೂಗುವವರಿಲ್ಲ.

ಬೇಡಿಕೆ ಇರುವ ಕಡೆ ಸರಕು ಒಯ್ಯುವುದೇ ವ್ಯಾಪಾರ, ಅದರಲ್ಲಿ ತಪ್ಪೇನು ಎಂದು ಕೇಳಬಹುದು. ಈ ನೆಪದಲ್ಲಾದರೂ ರೋಗಿಗೆ ಮಾಹಿತಿ ಸಿಕ್ಕಿತಲ್ಲ ಎಂದೂ ವಾದಿಸಬಹುದು. ಒಳ್ಳೆಯ ಪುಟಗಳೂ ಹುಟ್ಟಿದವು ನಿಜ. ಆದರೆ ಬೇಡಿಕೆ ಯಾರದ್ದೆಂದು ನೋಡಬೇಕು. ದರ ಕಟ್ಟಿದವನು ವಕೀಲ, ರೋಗಿಯಲ್ಲ. ಕ್ಲಿಕ್ಕಿಗೆ ಹಣ ಕೊಡುವ ಪದ್ಧತಿಯಲ್ಲಿ ಓದುಗ ಜಾಹೀರಾತು ಒತ್ತಿ ಪುಟ ಬಿಟ್ಟು ಹೋದಾಗಲೇ ತಾಣದವನಿಗೆ ಕಾಸು. ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಟ್ಟು ಓದುಗನನ್ನು ತೃಪ್ತಿಪಡಿಸಿದ ಪುಟಕ್ಕೆ ಸಿಗುತ್ತಿದ್ದುದೇ ಕಡಿಮೆ. ಅರೆಬರೆ ಬರಹ ಇಲ್ಲಿ ಬರೀ ಸೋಮಾರಿತನದ ಫಲವಲ್ಲ. ಹಣದ ಲೆಕ್ಕವೇ ಅದನ್ನು ಬೇಡುತ್ತಿತ್ತು.

ಡಿಮ್ಯಾಂಡ್ ಮೀಡಿಯಾ ಎಂಬ ಕಂಪನಿ ಈ ತರ್ಕವನ್ನು ಕಾರ್ಖಾನೆಯಾಗಿಸಿತು. ಜನ ಏನು ಹುಡುಕುತ್ತಾರೆ, ಆ ಪದಕ್ಕೆ ಜಾಹೀರಾತು ದರವೆಷ್ಟು ಎಂದು ಗಣಕ ಲೆಕ್ಕ ಹಾಕಿ ವಿಷಯ ಸೂಚಿಸುತ್ತಿತ್ತು. ಬರಹಗಾರರಿಗೆ ಲೇಖನಕ್ಕೆ ಸುಮಾರು 15 ಡಾಲರ್. 2011ರ ಜನವರಿಯಲ್ಲಿ ಕಂಪನಿ ಷೇರುಪೇಟೆಗೆ ಬಂತು. ಮರುತಿಂಗಳೇ ಗೂಗಲ್ ಪಾಂಡಾ ಎಂಬ ಮಾರ್ಪಾಡು ತಂದು ಟೊಳ್ಳು ಪುಟಗಳನ್ನು ಕೆಳಕ್ಕೆ ತಳ್ಳಿತು. ಕೆಲವೇ ವರ್ಷಗಳಲ್ಲಿ ಡಿಮ್ಯಾಂಡ್ ಮೀಡಿಯಾದ ಷೇರು ನೆಲ ಕಚ್ಚಿತು. ಮೆಸೊಥೆಲಿಯೋಮಾದ ದರ ಮಾತ್ರ ಇಳಿಯಲಿಲ್ಲ. ದಾವೆಗಳು ನಡೆಯುತ್ತಲೇ ಇದ್ದವು.